ಪಾರ್ಟ್ ಬದಲಾಯ್ತು, ನಂಬರ್ ಬದಲಾಗಲಿಲ್ಲ: ಹೊಸಬರಿಗೆ ನಾನು ಹೇಳುವ ಜನರಲ್ ಮೋಟಾರ್ಸ್ ಕಥೆ

ಪೀಣ್ಯದಲ್ಲಿ ಕಾರು, ಟೂವೀಲರ್‌ಗಳಿಗೆ ಸ್ಪ್ರಿಂಗ್, ಪಿನ್, ಪ್ಲಂಜರ್ ಮಾಡಿಕೊಡುವ ಒಂದು ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಡಿಪ್ಲೊಮಾ ಮುಗಿಸಿ ಹೊಸದಾಗಿ ಸೇರುವವರಿಗೆ ವರ್ನಿಯರ್, ಮೈಕ್ರೋಮೀಟರ್ ಹಿಡಿಯೋದನ್ನ ಯಾರು ಬೇಕಾದರೂ ಕಲಿಸುತ್ತಾರೆ. ಪಾರ್ಟ್ ನಂಬರ್ ಅಂದರೆ ಏನು, ಅದಕ್ಕೆ ಯಾಕಿಷ್ಟು ಮರ್ಯಾದೆ ಅಂತ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದು ಬೋರ್ ಹೊಡೆಸುವ ವಿಷಯ. ಅದಕ್ಕೇ ಜನರಲ್ ಮೋಟಾರ್ಸ್ ಕಥೆ ಹೇಳುತ್ತೇನೆ.

ಜಿಎಂ ಅಂದ ತಕ್ಷಣ ನಮ್ಮ ಕಡೆಯವರಿಗೆ ನೆನಪಾಗೋದು ಟವೇರಾ. ಮದುವೆ ದಿಬ್ಬಣಕ್ಕೆ, ಧರ್ಮಸ್ಥಳ ಟ್ರಿಪ್ಪಿಗೆ ಬಾಡಿಗೆಗೆ ಸಿಗುತ್ತಿದ್ದ ಅದೇ ಶೆವರ್ಲೆ ಟವೇರಾ. 2013ರಲ್ಲಿ ಅದರ ಹೊಗೆ ಪರೀಕ್ಷೆಯಲ್ಲಿ ಸಿಬ್ಬಂದಿ ನಿಯಮ ಮೀರಿದ್ದಾರೆ ಅಂತ ಕಂಪನಿಯೇ ಒಪ್ಪಿಕೊಂಡು 1.14 ಲಕ್ಷ ಗಾಡಿಗಳನ್ನು ವಾಪಸ್ ಕರೆಸಿತ್ತು. 2017ರ ಕೊನೆಗೆ ಭಾರತದಲ್ಲಿ ಕಾರು ಮಾರೋದನ್ನೇ ನಿಲ್ಲಿಸಿತು. ಬೆಂಗಳೂರಲ್ಲಿ 2003ರಲ್ಲಿ ಶುರುವಾದ ಅವರ ಟೆಕ್ನಿಕಲ್ ಸೆಂಟರ್‌ನಲ್ಲಿ ಕೆಲಸ ಮಾಡಿದವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಆದರೆ ನಾನು ಹೇಳುವ ಕಥೆ ಪೂರ್ತಿ ಅಮೆರಿಕದ್ದು.

ಮೊದಲು ಆ ಕಂಪನಿಯ ಗಾತ್ರ ಗೊತ್ತಾಗಬೇಕು. 1908ರಲ್ಲಿ ಮಿಷಿಗನ್ ರಾಜ್ಯದ ಫ್ಲಿಂಟ್‌ನಲ್ಲಿ ವಿಲಿಯಂ ಡ್ಯುರಾಂಟ್ ಅದನ್ನು ಕಟ್ಟಿದ. ಅವನು ಅದಕ್ಕೂ ಮೊದಲು ಕುದುರೆ ಗಾಡಿ ಮಾಡಿ ಮಾರುತ್ತಿದ್ದವನು. ಬ್ಯೂಕ್‌ನಿಂದ ಹಿಡಿದು ಓಲ್ಡ್ಸ್‌ಮೊಬೈಲ್, ಕ್ಯಾಡಿಲಾಕ್ ಹೀಗೆ ಒಂದೊಂದೇ ಕಂಪನಿಯನ್ನು ಒಳಗೆ ಹಾಕಿಕೊಳ್ಳುತ್ತಾ ಹೋದ. ಮುಂದೆ ಆಲ್ಫ್ರೆಡ್ ಸ್ಲೋನ್ ಬಂದು ಅದಕ್ಕೊಂದು ಶಿಸ್ತು ತಂದ. ಬಡವನಿಗೆ ಶೆವರ್ಲೆ, ಸಾಹುಕಾರನಿಗೆ ಕ್ಯಾಡಿಲಾಕ್, ನಡುವಿನವರಿಗೆ ನಡುವಿನ ಬ್ರಾಂಡ್‌ಗಳು. 1931ರಿಂದ 2007ರವರೆಗೆ, ಅಂದರೆ 77 ವರ್ಷ, ಜಗತ್ತಿನಲ್ಲಿ ಅತಿ ಹೆಚ್ಚು ಗಾಡಿ ಮಾರಿದ್ದು ಇದೇ ಕಂಪನಿ. 2009ರ ಜೂನ್ 1ರಂದು ದಿವಾಳಿ ಅರ್ಜಿ ಹಾಕಿತು. ಅಲ್ಲಿನ ಸರ್ಕಾರ ಸುಮಾರು 50 ಬಿಲಿಯನ್ ಡಾಲರ್ ಸುರಿದು ಎಬ್ಬಿಸಿ ನಿಲ್ಲಿಸಿತು.

ಇದೆಲ್ಲ ಗೂಗಲ್ ಮಾಡಿದರೆ ಸಿಗುತ್ತದೆ. ನನಗೆ ಮುಖ್ಯ ಅನ್ನಿಸೋದು 1908ರ ಇನ್ನೊಂದು ಘಟನೆ. ಆ ವರ್ಷ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಮೂರು ಕ್ಯಾಡಿಲಾಕ್ ಕಾರುಗಳನ್ನು ನಟ್ಟು ಬೋಲ್ಟ್ ಬಿಡದೆ ಬಿಚ್ಚಿದರು. ಬಿಡಿಭಾಗಗಳನ್ನೆಲ್ಲ ಒಟ್ಟಿಗೆ ಕಲಸಿದರು. ಅದರಲ್ಲಿ ಕೆಲವನ್ನು ತೆಗೆದಿಟ್ಟು, ಬದಲಿಗೆ ಡೀಲರ್ ಹತ್ತಿರವಿದ್ದ ಸ್ಪೇರ್ ಹಾಕಿದರು. ಆಮೇಲೆ ಆ ರಾಶಿಯಿಂದಲೇ ಮತ್ತೆ ಮೂರು ಕಾರು ಜೋಡಿಸಿ 500 ಮೈಲಿ ಓಡಿಸಿದರು. ಅರ ಹಾಕಿ ಉಜ್ಜಲಿಲ್ಲ, ತಟ್ಟಿ ಕೂರಿಸಲಿಲ್ಲ. ಆ ಕಾಲಕ್ಕೆ ಇದು ಪವಾಡ. ಅದಕ್ಕೆ ಕ್ಯಾಡಿಲಾಕ್‌ಗೆ ಡ್ಯೂವರ್ ಟ್ರೋಫಿ ಸಿಕ್ಕಿತು. ಮರುವರ್ಷವೇ ಜಿಎಂ ಆ ಕಂಪನಿಯನ್ನು ಕೊಂಡಿತು.

ಪಾರ್ಟ್ ನಂಬರ್ ಅನ್ನುವುದರ ಅರ್ಥ ಇಷ್ಟೇ. ಒಂದೇ ನಂಬರಿನ ಎರಡು ಪಾರ್ಟ್‌ಗಳಲ್ಲಿ ಯಾವುದನ್ನು ಎತ್ತಿಕೊಂಡರೂ ನಡೆಯಬೇಕು. ಅದನ್ನು ಜಗತ್ತಿಗೆ ತೋರಿಸಿಕೊಟ್ಟ ಬ್ರಾಂಡನ್ನು ಇಟ್ಟುಕೊಂಡ ಕಂಪನಿ, ಸರಿಯಾಗಿ ಅದರಲ್ಲೇ ಎಡವಿತು.

ಇನ್ನೊಂದು ಸಂಗತಿ. ಕೈಯಲ್ಲಿ ಹ್ಯಾಂಡಲ್ ತಿರುಗಿಸಿ ಎಂಜಿನ್ ಸ್ಟಾರ್ಟ್ ಮಾಡುವ ಕಷ್ಟ ತಪ್ಪಿಸಿದ್ದೂ ಕ್ಯಾಡಿಲಾಕೇ. ಚಾರ್ಲ್ಸ್ ಕೆಟರಿಂಗ್ ಮಾಡಿದ ಎಲೆಕ್ಟ್ರಿಕ್ ಸ್ಟಾರ್ಟರ್ 1912ರ ಮಾಡೆಲ್‌ನಲ್ಲಿ ಬಂತು. ಕಾರನ್ನು ಸುಲಭವಾಗಿ ಸ್ಟಾರ್ಟ್ ಮಾಡೋದನ್ನು ಕಲಿಸಿದವರ ಹೆಸರು ಕೊನೆಗೆ ಕೆಟ್ಟಿದ್ದು ಇಗ್ನಿಷನ್ ಸ್ವಿಚ್‌ನಿಂದ, ಅಂದರೆ ಕೀ ಹಾಕಿ ತಿರುಗಿಸುವ ಸ್ವಿಚ್‌ನಿಂದ.

ಆ ಸ್ವಿಚ್ ಇದ್ದದ್ದು 2003ರ ಹೊತ್ತಿಗೆ ಬಂದ ಸ್ಯಾಟರ್ನ್ ಅಯಾನ್, 2005ರ ಮಾಡೆಲ್ ಶೆವರ್ಲೆ ಕೋಬಾಲ್ಟ್ ಮತ್ತು ಅವುಗಳ ಅಣ್ಣತಮ್ಮಂದಿರಲ್ಲಿ. ಮಾಡಿಕೊಟ್ಟಿದ್ದು ಡೆಲ್ಫೈ. ಅದೂ ಮೊದಲು ಜಿಎಂನದೇ ಭಾಗ, 1999ರಲ್ಲಿ ಬೇರೆಯಾಗಿತ್ತು. ಕೀ ಒಂದು ಜಾಗದಿಂದ ಇನ್ನೊಂದಕ್ಕೆ ತಿರುಗುವಾಗ ಟಕ್ ಅಂತ ಕೂರುತ್ತದಲ್ವಾ, ಆ ಹಿಡಿತ ಕೊಡೋದು ಒಳಗಿನ ಒಂದು ಪ್ಲಂಜರ್ (ಪುಟ್ಟ ಕಡ್ಡಿ) ಮತ್ತು ಅದನ್ನು ಒತ್ತುವ ಸ್ಪ್ರಿಂಗ್. ಡ್ರಾಯಿಂಗ್ ಪ್ರಕಾರ ಆ ಹಿಡಿತಕ್ಕೆ ಕನಿಷ್ಠ 15 ನ್ಯೂಟನ್ ಸೆಂಟಿಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಬೇಕಿತ್ತು. ತಯಾರಾದ ಸ್ವಿಚ್ ಅದಕ್ಕಿಂತ ಬಹಳ ಕಡಿಮೆ ಬಂತು. 2002ರಲ್ಲಿ ಜಿಎಂನ ಎಂಜಿನಿಯರ್ ಅದನ್ನು ಹಾಗೇ ಪಾಸ್ ಮಾಡಿದ. ಅವನಿಗೆ ಆಗ ಅದೇ ಸ್ವಿಚ್‌ನ ಬೇರೆ ತೊಂದರೆಗಳೇ ತಲೆ ತಿಂದಿದ್ದವು. ಒಂದು ಮೇಲ್‌ನ ಕೊನೆಗೆ ತನ್ನ ಹೆಸರಿನ ಜೊತೆ, ಈ ನರಕದ ಸ್ವಿಚ್‌ನಿಂದ ಸುಸ್ತಾಗಿದ್ದೇನೆ ಅನ್ನೋ ಅರ್ಥದಲ್ಲಿ ಬರೆದುಕೊಂಡಿದ್ದ. ಅದನ್ನು ಓದಿದಾಗ ನಮ್ಮ ಕೆಲಸದಲ್ಲಿರುವ ಯಾರಿಗಾದರೂ ಒಂದು ಕ್ಷಣ ಅವನ ಮೇಲೆ ಪಾಪ ಅನ್ನಿಸುತ್ತದೆ.

ಹಿಡಿತ ಕಡಿಮೆ ಇದ್ದರೆ ಏನಾಗುತ್ತದೆ? ಗುಂಡಿಗೆ ಬಿದ್ದ ಕುಲುಕಿಗೋ, ಮೊಣಕಾಲು ತಾಗಿದ್ದಕ್ಕೋ, ಭಾರದ ಕೀ ಗೊಂಚಲಿನಿಂದಲೋ ಕೀ ಆಕ್ಸೆಸರಿ (ಎಂಜಿನ್ ಇಲ್ಲದೆ ರೇಡಿಯೋ ಥರದವು ಮಾತ್ರ ಓಡುವ ಜಾಗ) ಕಡೆಗೆ ಜಾರುತ್ತದೆ. ಎಂಜಿನ್ ಆಫ್. ಪವರ್ ಸ್ಟೀರಿಂಗ್ ಹೋಯಿತು, ಬ್ರೇಕ್‌ಗೆ ಸಿಗುತ್ತಿದ್ದ ಸಹಾಯವೂ ಹೋಯಿತು. ಎಲ್ಲಕ್ಕಿಂತ ಕೆಟ್ಟದ್ದು, ಏರ್‌ಬ್ಯಾಗ್ ಕೂಡ ಆಫ್. ನಿಂತ ಕಾರಿನಲ್ಲಿ ಕೂತವರ ಮೇಲೆ ಸುಮ್ನೆ ಸಿಡಿಯಬಾರದು ಅಂತ ಹಾಗೆ ಡಿಸೈನ್ ಮಾಡಿದ್ದರು. ಓಡುತ್ತಿರುವ ಕಾರೇ ಆಫ್ ಆಗಬಹುದು ಅನ್ನೋದನ್ನು ಅದರ ಜೊತೆ ಯಾರೂ ಜೋಡಿಸಿ ನೋಡಲಿಲ್ಲ. ಎಂಜಿನ್ ನಿಂತುಹೋಗುವ ದೂರು ಗ್ರಾಹಕರ ಅನುಕೂಲದ ವಿಷಯ, ಸುರಕ್ಷತೆಯದ್ದಲ್ಲ ಅಂತ ಫೈಲ್‌ನಲ್ಲಿ ಕೂತಿತು. 2005ರ ಡಿಸೆಂಬರ್‌ನಲ್ಲಿ ಡೀಲರ್‌ಗಳಿಗೆ ಒಂದು ಬುಲೆಟಿನ್ ಹೋಯಿತು: ಗ್ರಾಹಕರಿಗೆ ಕೀ ಗೊಂಚಲಿನಿಂದ ಬೇಡದ ಭಾರ ತೆಗೆಯಲು ಹೇಳಿ.

ಈಗ ನನ್ನ ವಿಷಯಕ್ಕೆ ಬಂದೆ. 2006ರ ಏಪ್ರಿಲ್‌ನಲ್ಲಿ ಅದೇ ಎಂಜಿನಿಯರ್ ಸ್ವಿಚ್ ಬದಲಾವಣೆಗೆ ಸಹಿ ಹಾಕಿದ. ಪ್ಲಂಜರ್ ಬದಲು, ಸ್ಪ್ರಿಂಗ್ ಉದ್ದ. ಹಿಡಿತ ಜಾಸ್ತಿಯಾಯಿತು. ಅಂದರೆ ತೊಂದರೆ ಪರಿಹಾರ ಆಯಿತು! ಆದರೆ ಪಾರ್ಟ್ ನಂಬರ್ ಹಳೆಯದೇ ಉಳಿಯಿತು.

ತಪ್ಪು ಪಾರ್ಟ್ ಪಾಸ್ ಮಾಡಿದ್ದಕ್ಕಿಂತ ಈ ಸಹಿ ದೊಡ್ಡ ತಪ್ಪು ಅಂತ ನಾನು ವಾದಿಸುತ್ತೇನೆ. ಇದಕ್ಕೆ ಎಲ್ಲರೂ ಒಪ್ಪೋದಿಲ್ಲ. ನಮ್ಮ ಡಿಸೈನ್‌ನವರು, ಮೊದಲನೆಯದೇ ಮೂಲ ಅಲ್ವಾ ಸರ್ ಅಂತಾರೆ. ಆದರೆ ಮುಂದೇನಾಯಿತು ನೋಡಿ. ಏರ್‌ಬ್ಯಾಗ್ ತೆರೆಯದ ಅಪಘಾತಗಳನ್ನು ಜಿಎಂನವರೇ ಪಟ್ಟಿ ಮಾಡಿ ಕೂತಾಗ ಹಳೆ ಮಾಡೆಲ್‌ಗಳಲ್ಲೇ ಜಾಸ್ತಿ ಇದ್ದವು, 2008ರಿಂದ ಈಚಿನವುಗಳಲ್ಲಿ ಇಳಿದಿದ್ದವು. ಏನೋ ಬದಲಾಗಿದೆ ಅಂತ ಅಂಕಿಗಳು ಕೂಗುತ್ತಿದ್ದವು. ದಾಖಲೆ ತೆಗೆದರೆ ಅದೇ ನಂಬರ್, ಅದೇ ಸ್ವಿಚ್. ಹಾಗಾದರೆ ಸ್ವಿಚ್ ಕಾರಣ ಅಲ್ಲ ಅಂತ ಬೇರೆ ಕಡೆ ಹುಡುಕಿದರು. ವರ್ಷಗಳೇ ಹೋದವು. 2012ರಲ್ಲಿ ಗುಜರಿಗೆ ಹೋಗಿ ಹಳೆ ಕಾರುಗಳ ಸ್ವಿಚ್ ತಿರುಗಿಸಿ ಅಳೆದರು. ಡ್ರಾಯಿಂಗ್ ಮಾಡಿದ ಕಂಪನಿಗೆ ತನ್ನ ಪಾರ್ಟ್ ಏನು ಅಂತ ತಿಳಿಯಲು ಗುಜರಿಯೇ ಗತಿಯಾಯಿತು.

ಗುಟ್ಟು ಬಯಲು ಮಾಡಿದ್ದು ಹೊರಗಿನವರು. 2010ರಲ್ಲಿ ಜಾರ್ಜಿಯಾದಲ್ಲಿ ಕೋಬಾಲ್ಟ್ ಓಡಿಸುತ್ತಿದ್ದ ಒಬ್ಬ ನರ್ಸ್ ಅಪಘಾತದಲ್ಲಿ ತೀರಿಕೊಂಡರು. ಅಪ್ಪ ಅಮ್ಮ ಕೇಸ್ ಹಾಕಿದರು. ಅವರ ಕಡೆಯ ಎಂಜಿನಿಯರ್ ಅಂಗಡಿಯಿಂದ ಅದೇ ನಂಬರಿನ ಹೊಸ ಸ್ವಿಚ್ ತಂದು, ಅಪಘಾತದ ಕಾರಿನ ಸ್ವಿಚ್ ಪಕ್ಕ ಇಟ್ಟು ಹೋಲಿಸಿದ. ಎಕ್ಸ್‌ರೇ ತೆಗೆಸಿದ. ಒಳಗಿನ ಪ್ಲಂಜರ್, ಸ್ಪ್ರಿಂಗ್ ಬೇರೆ ಬೇರೆ! ಇನ್ಸ್‌ಪೆಕ್ಷನ್‌ನಲ್ಲಿ ನಾವು ದಿನಾ ಮಾಡುವ ಕೆಲಸ ಅದು. 2013ರ ಏಪ್ರಿಲ್‌ನಲ್ಲಿ ಅದನ್ನು ಮುಂದಿಟ್ಟು ಕೇಳಿದಾಗ, ಬದಲಾವಣೆಯೇ ನನಗೆ ಗೊತ್ತಿಲ್ಲ ಅಂದ ಸಹಿ ಹಾಕಿದವನು.

2014ರ ಫೆಬ್ರವರಿಯಲ್ಲಿ ರೀಕಾಲ್, ಅಂದರೆ ಕಾರುಗಳನ್ನು ವಾಪಸ್ ಕರೆಸೋದು, ಶುರುವಾಯಿತು. ಮೊದಲು ಹಳೆ ಕಾರುಗಳು ಮಾತ್ರ. ಮಾರ್ಚ್ ಕೊನೆಗೆ ಹೊಸ ತಲೆನೋವು. ಹಳೆ ಸ್ವಿಚ್‌ಗಳಲ್ಲಿ ಸುಮಾರು 95,000 ಸ್ಪೇರ್ ಪಾರ್ಟ್ ಆಗಿ ಡೀಲರ್, ಸಗಟು ವ್ಯಾಪಾರಿಗಳ ಕೈಗೆ ಹೋಗಿದ್ದವು. ಸುಮಾರು 90,000 ಹಳೆ ಕಾರುಗಳ ರಿಪೇರಿಗೇ ಹೋದವು. ಉಳಿದ ಕೆಲವು ಸಾವಿರ ಯಾವ ಕಾರಿಗೆ ಸೇರಿದವು? ಡಬ್ಬಿಯ ಮೇಲೆ ನಂಬರ್ ಒಂದೇ, ಯಾರು ಹೇಳಬೇಕು? ಆ ಕೆಲವು ಸಾವಿರಕ್ಕಾಗಿ ಈಚಿನ ಮಾಡೆಲ್‌ಗಳ ಇನ್ನೂ 9.71 ಲಕ್ಷ ಕಾರು ವಾಪಸ್ ಕರೆಸಬೇಕಾಯಿತು. ಒಟ್ಟು ಸುಮಾರು 26 ಲಕ್ಷ. ಈ ಲೆಕ್ಕ ಬೋರ್ಡ್ ಮೇಲೆ ಬರೆದಾಗ ಮಾತ್ರ ನಮ್ಮ ಹುಡುಗರು ಮೊಬೈಲ್ ಕೆಳಗಿಡುತ್ತಾರೆ.

ಸತ್ತವರ ಲೆಕ್ಕವನ್ನೂ ಹೇಳಬೇಕು. ಪರಿಹಾರ ನಿಧಿ ನೋಡಿಕೊಂಡ ಕೆನೆತ್ ಫೈನ್‌ಬರ್ಗ್ ಕಡೆಯವರು 124 ಸಾವು, 275 ಗಾಯದ ಅರ್ಜಿಗಳನ್ನು ಒಪ್ಪಿದರು. 2015ರಲ್ಲಿ ಕ್ರಿಮಿನಲ್ ತನಿಖೆ ಮುಗಿಸಿಕೊಳ್ಳಲು ಕಂಪನಿ 900 ಮಿಲಿಯನ್ ಡಾಲರ್ ಕಟ್ಟಿತು. ಸ್ವಿಚ್ ಸರಿಪಡಿಸುವ ಖರ್ಚು ಎಷ್ಟಿತ್ತು ಅಂದರೆ, ಅಲ್ಲಿನ ಸಂಸತ್ತಿನ ವಿಚಾರಣೆಯಲ್ಲಿ ಬಂದ ಲೆಕ್ಕ 57 ಸೆಂಟ್.

ಈ 57 ಸೆಂಟ್ ಎಲ್ಲರ ಬಾಯಲ್ಲೂ ಇದೆ. ಜಿಪುಣತನಕ್ಕೆ ಜನ ಸತ್ತರು ಅಂತ. ನನಗೆ ಅದು ಪೂರ್ತಿ ಸರಿ ಅನ್ನಿಸೋದಿಲ್ಲ. ಕಂಪನಿಯೇ ನೇಮಿಸಿದ ವಕೀಲ ಆಂಟನ್ ವಾಲುಕಾಸ್ 2014ರ ಜೂನ್‌ನಲ್ಲಿ ಕೊಟ್ಟ ವರದಿ ಓದಿ. ಮುನ್ನೂರು ಪುಟ ದಾಟಿದೆ, ಆದರೂ ಓದಿ. ಅದರಲ್ಲಿ ಎರಡು ಅಭ್ಯಾಸಗಳ ಮಾತು ಬರುತ್ತದೆ. ಒಂದು ಜಿಎಂ ತಲೆಯಾಡಿಕೆ: ಮೀಟಿಂಗ್‌ನಲ್ಲಿ ಎಲ್ಲರೂ ಹೂಂ ಅಂತಾರೆ, ಹೊರಗೆ ಬಂದು ಯಾರೂ ಮಾಡೋದಿಲ್ಲ. ಇನ್ನೊಂದು ಜಿಎಂ ಸೆಲ್ಯೂಟ್: ಕೈ ಕಟ್ಟಿ ಎರಡೂ ಬೆರಳು ಪಕ್ಕದವರ ಕಡೆ ತೋರಿಸೋದು. ಇದನ್ನು ಓದಿ ನಮ್ಮ ಸೋಮವಾರದ ರಿವ್ಯೂ ಮೀಟಿಂಗ್ ನೆನಪಾಗದಿದ್ದರೆ ನೀವು ಪುಣ್ಯವಂತರು. 2008ರ ಒಂದು ತರಬೇತಿಯಲ್ಲಂತೂ ವರದಿಗಳಲ್ಲಿ ಬಳಸಬಾರದ ಪದಗಳ ಪಟ್ಟಿಯನ್ನೇ ಕೊಟ್ಟಿದ್ದರು. ದೋಷ ಅಂತ ಬರೆಯಬೇಡಿ, ಡಿಸೈನ್‌ಗೆ ತಕ್ಕಂತೆ ಕೆಲಸ ಮಾಡುತ್ತಿಲ್ಲ ಅಂತ ಬರೆಯಿರಿ. ಕೊರ್ವೇರ್ ಥರ ಅನ್ನೋದೂ ಬೇಡ ಅಂತಿತ್ತು. ಕೊರ್ವೇರ್ ಅವರದೇ ಕಾರು. 1965ರಲ್ಲಿ ವಕೀಲ ರಾಲ್ಫ್ ನೇಡರ್ ಅದರ ಸುರಕ್ಷತೆ ಬಗ್ಗೆ ಬರೆದದ್ದಕ್ಕೆ ಅವರ ಹಿಂದೆ ಪತ್ತೇದಾರರನ್ನು ಬಿಟ್ಟು, 1966ರಲ್ಲಿ ಕಂಪನಿಯ ಅಧ್ಯಕ್ಷರೇ ಸೆನೆಟ್ ಮುಂದೆ ಕ್ಷಮೆ ಕೇಳಿದ್ದರು. ಇಂಥ ಕಡೆ ಹೊಸ ನಂಬರ್ ಹಾಕಿದ್ದರೆ, ಯಾಕೆ ಬದಲಾಯಿಸಿದಿರಿ ಅನ್ನೋ ಪ್ರಶ್ನೆ ಬರುತ್ತಿತ್ತು. ನಂಬರ್ ಬದಲಾಯಿಸದಿದ್ದರೆ ಪ್ರಶ್ನೆಯೇ ಇಲ್ಲ. ದುಡ್ಡಿಗಿಂತ ಆ ಪ್ರಶ್ನೆಗೇ ಹೆದರಿಕೆ ಅನ್ನೋದು ನನ್ನ ಅನುಮಾನ.

ರೀಕಾಲ್ ಆದಾಗ ಸಿಇಒ ಆಗಿದ್ದವರು ಮೇರಿ ಬಾರಾ. ಅಪ್ಪ ಜಿಎಂನದೇ ಪಾಂಟಿಯಾಕ್ ಕಾರ್ಖಾನೆಯಲ್ಲಿ ಡೈ ಮೇಕರ್, ಅಂದರೆ ಅಚ್ಚು ಮಾಡುವವರು. ಈಕೆ 18ನೇ ವಯಸ್ಸಿಗೇ ಟ್ರೇನಿಯಾಗಿ ಸೇರಿದವರು. ಕುರ್ಚಿಗೆ ಬಂದು ತಿಂಗಳಾಗುವ ಮೊದಲೇ ರೀಕಾಲ್ ತಲೆ ಮೇಲೆ ಬಿತ್ತು. 15 ಜನರನ್ನು ಮನೆಗೆ ಕಳಿಸಿದರು. ಅದೇ 2014ರಲ್ಲಿ ಕಂಪನಿ ಜಗತ್ತಿನಾದ್ಯಂತ 99 ಲಕ್ಷ ಗಾಡಿ ಮಾರಿ ತನ್ನದೇ ದಾಖಲೆ ಮುರಿಯಿತು. ಹೆಸರು ಕೆಟ್ಟರೆ ವ್ಯಾಪಾರ ಬೀಳುತ್ತದೆ ಅಂತ ನಾವೆಲ್ಲ ಪೋಸ್ಟರ್ ಹಾಕಿಕೊಂಡಿರುತ್ತೇವಲ್ಲ, ಅದನ್ನು ನಾನು ಈಗ ಹೊಸಬರಿಗೆ ಹೇಳೋದಿಲ್ಲ. ಬೀಳಲಿಲ್ಲ, ಅದೇ ನಿಜ.

ನಮ್ಮ ಪೀಣ್ಯಕ್ಕೂ ಇದಕ್ಕೂ ಸಂಬಂಧ ಇದೆ. ಹೊಸ ಪಾರ್ಟ್‌ಗೆ ಒಪ್ಪಿಗೆ ಪಡೆಯಲು ನಾವು ತುಂಬುವ ಪಿಪ್ಯಾಪ್ ಫೈಲ್ ಬಂದಿರೋದೇ ಅಲ್ಲಿಂದ. 1982ರಲ್ಲಿ ಫೋರ್ಡ್, ಜಿಎಂ, ಕ್ರೈಸ್ಲರ್ ಸೇರಿ ಕಟ್ಟಿದ ಸಂಘ ಬರೆದ ನಿಯಮ ಅದು. ನಿಯಮ ಬರೆದವರಲ್ಲೇ ಒಬ್ಬರು ಮುರಿದರು ಅಂದಾಗ ನಮ್ಮ ಸ್ಟೋರ್ಸ್‌ನ ಹಿರಿಯರು, ಊರಿಗೆ ಉಪದೇಶ ಹೇಳೋರೇ ಹಿಂಗೆ ಬಿಡಿ ಸರ್ ಅಂದಿದ್ದರು.

ಮೊನ್ನೆ ಒಬ್ಬ ಕಸ್ಟಮರ್ ಕಡೆಯಿಂದ ಫೋನ್ ಬಂತು. ಒಂದು ಸ್ಪ್ರಿಂಗ್‌ನ ತಂತಿ ಸ್ವಲ್ಪ ದಪ್ಪ ಮಾಡಿಕೊಡಿ, ನಂಬರ್ ಅದೇ ಇರಲಿ, ಸುಮ್ನೆ ಪೇಪರ್ ಕೆಲಸ ಯಾಕೆ ಅಂದರು. ಆಗಲ್ಲ ಅಂದೆ. ನಂಬರ್ ಬದಲಾದರೆ ಅವರಿಗೆ ಹೊಸ ಪಿಪ್ಯಾಪ್, ಹೊಸ ಬಿನ್, ಸಿಸ್ಟಂನಲ್ಲಿ ಹೊಸ ಎಂಟ್ರಿ, ರೇಟ್ ಮೇಲೆ ಮತ್ತೆ ಚೌಕಾಸಿ. ಕಷ್ಟ ನಿಜ. ನಮ್ಮ ಪ್ರೊಡಕ್ಷನ್ ಮ್ಯಾನೇಜರ್ ಕೂಡ, ಒಂದು ಸ್ಪ್ರಿಂಗಿಗೆ ಇಷ್ಟು ದೊಡ್ಡ ರಾಮಾಯಣನಾ ಅಂತ ರೇಗಿದರು. ಅವರಿಗೆ 95,000 ಸ್ವಿಚ್‌ನ ಲೆಕ್ಕ ಹೇಳಿದೆ. ಕಸ್ಟಮರ್‌ಗೂ ಮೇಲ್ ಹಾಕಿದೆ. ಹಗ್ಗಜಗ್ಗಾಟ ಆಗಿ, ಹಳೆ ನಂಬರ್ ಮುಂದೆ ‘ಎ’ ಸೇರಿಸೋದು, ಹಳೆ ಸ್ಟಾಕ್ ಎಲ್ಲ ಮುಗಿದು ಅವರು ಬರೆದುಕೊಟ್ಟ ಮೇಲೇ ಹೊಸ ಲಾಟ್ ಕಳಿಸೋದು ಅಂತ ತೀರ್ಮಾನವಾಯಿತು. ಹೊಸ ಲೇಬಲ್‌ಗಳ ಖರ್ಚು ಯಾರ ತಲೆಗೆ ಅನ್ನೋದು ಮಾತ್ರ ಇನ್ನೂ ಇತ್ಯರ್ಥ ಆಗಿಲ್ಲ.