ಇಂಗ್ಲೆಂಡಿನ ಸಣ್ಣ ತೋಟಗಳ ಸ್ಪಾರ್ಕ್ಲಿಂಗ್ ವೈನ್: ಹುಡುಕೋದೆಲ್ಲಿ, ಕೇಳೋದೇನು?

ಲಂಡನ್ನಿನಿಂದ ಒಂದು ದಿನದಲ್ಲಿ ಹೋಗಿಬರಬಹುದಾದ ಸಣ್ಣ ಸ್ಪಾರ್ಕ್ಲಿಂಗ್ ವೈನ್ (ಶಾಂಪೇನಿನಂತೆ ಗುಳ್ಳೆಯೇಳುವ ವೈನ್) ತೋಟ ಯಾವುದು, ಅಲ್ಲಿ ಒಳ್ಳೆಯ ಬಾಟಲಿಯನ್ನು ಗುರುತಿಸೋದು ಹೇಗೆ? ಬ್ರಿಟನ್ನಿನಲ್ಲಿರುವ ಕನ್ನಡಿಗರು, ಅಲ್ಲಿರುವ ಮಕ್ಕಳ ಮನೆಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆ ಇದು. ನಾಲ್ಕು ಹೆಸರು ಹೇಳಿ ಕೈತೊಳೆದುಕೊಳ್ಳಬಹುದು, ಮುಂದೆ ಹೇಳುತ್ತೇವೆ ಕೂಡ. ಆದರೆ ಸಣ್ಣ ತಯಾರಕರ ವಿಷಯದಲ್ಲಿ ಹೆಸರು ಅಷ್ಟೇನೂ ಸಹಾಯಕ್ಕೆ ಬರುವುದಿಲ್ಲ. ಬಾಟಲಿಯ ಹಿಂದಿನ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಒಂದು ತಾರೀಖು, ಅಂದರೆ ಬಾಟಲಿಯಿಂದ ಯೀಸ್ಟಿನ ಗಸಿ ಹೊರತೆಗೆದ ಡಿಸ್‌ಗಾರ್ಜ್‌ಮೆಂಟ್ ದಿನಾಂಕ, ಅದಕ್ಕಿಂತ ಹೆಚ್ಚು ಹೇಳುತ್ತದೆ.

ಮೊದಲು ಜಾಗದ ವಿಷಯ. ಸಸೆಕ್ಸ್, ಕೆಂಟ್, ಹ್ಯಾಂಪ್‌ಶೈರ್ ಈ ಮೂರು ಕೌಂಟಿಗಳೇ ಇದರ ಹೃದಯ. ಸೌತ್ ಡೌನ್ಸ್ ಗುಡ್ಡಸಾಲಿನ ಅಡಿಯಲ್ಲಿರುವುದು ಸೀಮೆಸುಣ್ಣದ ಬಂಡೆ. ಫ್ರಾನ್ಸಿನ ಶಾಂಪೇನ್ ಸೀಮೆಯಲ್ಲೂ ಅದೇ ಜಾತಿಯ ಬಂಡೆ. ಮಳೆನೀರನ್ನು ಬೇಗ ಕೆಳಗಿಳಿಸುತ್ತದೆ, ಆದರೂ ಬೇರಿಗೆ ಬೇಕಾದಷ್ಟು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹ್ಯಾಂಪ್‌ಶೈರಿನ ಹ್ಯಾಂಬಲ್ಡನ್‌ನಲ್ಲಿ 1952ರಲ್ಲೇ ಬಳ್ಳಿ ನೆಟ್ಟರು. ಗಾಳಿ ತಿರುಗಿದ್ದು ಮಾತ್ರ 1988ರಲ್ಲಿ. ಶಿಕಾಗೋದಿಂದ ಬಂದ ಮಾಸ್ ದಂಪತಿ ಸಸೆಕ್ಸಿನ ನೈಟಿಂಬರ್‌ನಲ್ಲಿ ಶಾಂಪೇನಿನ ಮೂರು ತಳಿಗಳನ್ನೇ ನೆಟ್ಟರು: ಶಾರ್ಡೊನೆ, ಪಿನೋ ನ್ವಾರ್, ಪಿನೋ ಮ್ಯೂನಿಯೆ. 2017ರಲ್ಲಿ ಶಾಂಪೇನಿನ ಟೈಟಿಂಜೆ ಮನೆತನವೇ ಕೆಂಟಿಗೆ ಬಂದು ಬಳ್ಳಿ ನೆಟ್ಟಿತು. ಅಂದಹಾಗೆ, ವೈನಿಗೆ ಸಕ್ಕರೆ ಬೆರೆಸಿ ನೊರೆ ಬರಿಸುವುದನ್ನು ಬರಹದಲ್ಲಿ ದಾಖಲಿಸಿದವನೂ ಒಬ್ಬ ಇಂಗ್ಲಿಷಿನವನೇ, ಕ್ರಿಸ್ಟೋಫರ್ ಮೆರೆಟ್, 1662ರಲ್ಲಿ.

ಸಣ್ಣ ಅಂದರೆ ಎಷ್ಟು ಸಣ್ಣ? ಲೆಕ್ಕ ಹಾಕಿ ನೋಡಿ. ಒಂದು ಹೆಕ್ಟೇರಿಗೆ, ಅಂದರೆ ಎರಡೂವರೆ ಎಕರೆಗೆ, ಒಳ್ಳೆಯ ವರ್ಷದಲ್ಲಿ 5 ಟನ್ ಹಣ್ಣು ಬಂತೆನ್ನಿ. ಶಾಂಪೇನಿನ ನಿಯಮದಂತೆ 4,000 ಕಿಲೋ ಹಣ್ಣಿನಿಂದ 2,550 ಲೀಟರ್ ರಸ ಮಾತ್ರ ಹಿಂಡಬೇಕು. ಇನ್ನೂ ಒತ್ತಿದರೆ ಸಿಪ್ಪೆಯ ಒಗರು ಇಳಿಯುತ್ತದೆ. ಅದೇ ಅಳತೆ ಹಿಡಿದರೆ ಆ ಎರಡೂವರೆ ಎಕರೆಯಿಂದ ಸಿಗುವುದು ಸುಮಾರು 4,200 ಬಾಟಲಿ. ಮೇ ತಿಂಗಳ ಒಂದು ರಾತ್ರಿ ಚಿಗುರಿನ ಮೇಲೆ ಹಿಮ ಕೂತರೆ, ಇಲ್ಲವೇ ಹೂವಿನ ಹೊತ್ತಿಗೆ ಮಳೆ ಹಿಡಿದರೆ ಇದು ಅರ್ಧಕ್ಕಿಳಿಯುತ್ತದೆ. 2012ರಲ್ಲಿ ಗುಣ ಸಾಲದೆಂದು ನೈಟಿಂಬರ್‌ನಂಥ ದೊಡ್ಡವರೇ ಕೊಯ್ಲು ಕೈಬಿಟ್ಟಿದ್ದರು. 2018 ಮತ್ತು 2023ರಲ್ಲಿ ಹಣ್ಣು ಸುರಿದುಬಿತ್ತು. ಬಾಟಲಿಯ ಬೆಲೆ ಯಾಕೆ 30 ಪೌಂಡ್ ಆಸುಪಾಸಿನಲ್ಲಿ ಶುರುವಾಗುತ್ತದೆ ಎಂದು ಗೊಣಗುವವರು ಇದನ್ನು ನೆನಪಿಡಬೇಕು. ಬಳ್ಳಿ ನೆಟ್ಟು ಮೂರು ವರ್ಷಕ್ಕೆ ಹಣ್ಣು, ಆ ಮೇಲೆ ಮತ್ತೆ ಮೂರು ವರ್ಷ ನೆಲಮಾಳಿಗೆ. ಅಷ್ಟು ದಿನ ದುಡ್ಡು ಒಳಗೇ ಕೂತಿರುತ್ತದೆ.

ಇಲ್ಲಿ ಒಂದು ಗುಟ್ಟಿದೆ. ಸಣ್ಣ ತೋಟದವರಲ್ಲಿ ಅನೇಕರು ವೈನ್ ಮಾಡುವುದೇ ಇಲ್ಲ! ಹಣ್ಣು ಬೆಳೆದು ಬೇರೊಬ್ಬರ ವೈನರಿಗೆ ಕೊಟ್ಟು, ಕೂಲಿ ತೆತ್ತು ಮಾಡಿಸಿಕೊಳ್ಳುತ್ತಾರೆ. ನಮ್ಮಲ್ಲಿ ಭತ್ತ ಮಿಲ್ಲಿಗೆ ಹಾಕಿಸಿದ ಹಾಗೆ. ಇದರಲ್ಲಿ ತಪ್ಪೇನಿಲ್ಲ, ಒಳ್ಳೆಯ ಮಿಲ್ಲಾದರೆ ಒಳ್ಳೆಯ ಅಕ್ಕಿ. ಆದರೆ ಒಂದೇ ವೈನರಿಯಲ್ಲಿ ಆದ ಮೂರು ತೋಟದ ಬಾಟಲಿಗಳನ್ನು ಮೂರು ಬೇರೆ ಶೋಧ ಅಂದುಕೊಂಡು ಕೊಂಡರೆ ರುಚಿ ಮಾತ್ರ ಅಣ್ಣತಮ್ಮಂದಿರ ಹಾಗಿರಬಹುದು. ಹಾಗಾಗಿ ಮೊದಲು ಕೇಳಬೇಕಾದ್ದು: ಹಣ್ಣು ಹಿಂಡಿದ್ದು ಎಲ್ಲಿ? ಸಂಕೋಚ ಬೇಡ, ಒಳ್ಳೆಯ ಬೆಳೆಗಾರರು ನೇರವಾಗಿ ಹೇಳುತ್ತಾರೆ.

ಈಗ ಆ ತಾರೀಖಿನ ವಿಷಯ. ಇಂಗ್ಲೆಂಡಿನ ಚಳಿಯಲ್ಲಿ ಹಣ್ಣು ನಿಧಾನ ಮಾಗುತ್ತದೆ, ಹುಳಿ ಉಳಿದುಬಿಡುತ್ತದೆ. ರಸದಲ್ಲಿ ಲೀಟರಿಗೆ 10 ಗ್ರಾಂ ದಾಟುವುದು ಸಾಮಾನ್ಯ. ಈ ಹುಳಿಯನ್ನು ಪಳಗಿಸಲು ಮೂರು ದಾರಿ. ಒಂದು, ಬ್ಯಾಕ್ಟೀರಿಯಾ ಬಿಟ್ಟು ಸೇಬುಕಾಯಿಯ ಚುರುಕು ಹುಳಿಯನ್ನು ಮೊಸರಿನ ಹುಳಿಯಾಗಿಸುವುದು. ಇನ್ನೊಂದು, ಕೊನೆಯಲ್ಲಿ ಸಕ್ಕರೆ ಸೇರಿಸುವುದು. ಮೂರನೆಯದು ಕಾಲ, ನಮ್ಮ ಮಟ್ಟಿಗೆ ಅದೇ ಮುಖ್ಯ. ಸಾದಾ ವೈನಿಗೆ ಯೀಸ್ಟ್ ಮತ್ತು ಲೀಟರಿಗೆ 24 ಗ್ರಾಂನಷ್ಟು ಸಕ್ಕರೆ ಹಾಕಿ ಬಾಟಲಿಗೆ ಬಿರಡೆ ಬಡಿದರೆ ಒಳಗೇ ಎರಡನೇ ಸಲ ಹುದುಗೆದ್ದು 6 ಬಾರ್ ಒತ್ತಡ ಹುಟ್ಟುತ್ತದೆ, ಕಾರಿನ ಟೈರಿನ ಎರಡು ಪಟ್ಟಿಗೂ ಮೀರಿ. ಸತ್ತ ಯೀಸ್ಟಿನ ಗಸಿ ತಳಕ್ಕಿಳಿಯುತ್ತದೆ. ವೈನು ಈ ಗಸಿಯ ಜೊತೆ ಇದ್ದಷ್ಟು ದಿನ ಹುಳಿಯ ಮೊನೆ ಮೊಂಡಾಗುತ್ತ, ಬ್ರೆಡ್ಡು, ಹುರಿದ ಬಾದಾಮಿಯ ಪರಿಮಳ ಏರುತ್ತ ಹೋಗುತ್ತದೆ. ಕಾನೂನು ಕೇಳುವುದು ಒಂಬತ್ತೇ ತಿಂಗಳು. ಇಂಗ್ಲೆಂಡಿನ ಹುಳಿಗೆ ಅದು ಏತಕ್ಕೂ ಸಾಲದು. ನಮ್ಮ ಪ್ರಕಾರ ಎರಡು ವರ್ಷ ಕನಿಷ್ಠ, ಮೂರಾದರೆ ನೆಮ್ಮದಿ.

ಕೊನೆಗೆ ಬಾಟಲಿಯ ಕತ್ತನ್ನು ಹೆಪ್ಪುಗಟ್ಟಿಸಿ ಗಸಿಯನ್ನು ಚಿಮ್ಮಿಸಿ ತೆಗೆಯುವ ದಿನವೇ ಡಿಸ್‌ಗಾರ್ಜ್‌ಮೆಂಟ್. ಕೊಯ್ಲಿನ ವರ್ಷವನ್ನು ಅದರಿಂದ ಕಳೆದರೆ ವೈನು ಎಷ್ಟು ಕಾಲ ಗಸಿಯ ಮೇಲಿತ್ತೆಂಬ ಅಂದಾಜು ಸಿಗುತ್ತದೆ. ಬಾಟಲಿಗೆ ತುಂಬುವುದು ಕೊಯ್ಲಾದ ಮುಂದಿನ ವಸಂತದ ಹೊತ್ತಿಗೆ, ಹಾಗಾಗಿ ಆರೇಳು ತಿಂಗಳು ಕಡಿಮೆ ಹಿಡಿಯಿರಿ. ಗಸಿ ತೆಗೆದು ಇನ್ನೂ ಮೂರು ತಿಂಗಳಾಗದ ಬಾಟಲಿ ಸಿಕ್ಕರೆ ಕೊಳ್ಳಿ, ಆದರೆ ಆಗಲೇ ತೆರೆಯಬೇಡಿ. ಕಡೆಗೆ ಹಾಕಿದ ಸಕ್ಕರೆ ವೈನಿನ ಜೊತೆ ಇನ್ನೂ ಕೂಡಿಕೊಂಡಿರುವುದಿಲ್ಲ, ಸಿಹಿ ಬೇರೆ ಹುಳಿ ಬೇರೆ ಅನ್ನಿಸುತ್ತದೆ. ಆ ಸಕ್ಕರೆಯಾದರೂ ಎಷ್ಟು? ಬ್ರೂಟ್ ಎಂದು ಬರೆದಿದ್ದರೆ ಲೀಟರಿಗೆ 12 ಗ್ರಾಂ ಒಳಗೆ. 8 ಗ್ರಾಂ ಅಂದರೆ ಇಡೀ ಬಾಟಲಿಗೆ ಒಂದೂವರೆ ಟೀ ಚಮಚ. ಸಕ್ಕರೆಯೇ ಇಲ್ಲದ ಬ್ರೂಟ್ ನೇಚರ್ ಈಗ ಫ್ಯಾಷನ್. ಎಳೆಯ ವೈನಿನಲ್ಲಿ ಅದು ಹಲ್ಲು ಚುಳ್ಳೆನಿಸುತ್ತದೆ, ಹೊಸಬರು ಅಲ್ಲಿಂದ ಶುರುಮಾಡದಿದ್ದರೆ ಒಳ್ಳೆಯದು.

ವರ್ಷ ನಮೂದಿಸದ ಎನ್‌ವಿ ಬಾಟಲಿಯಾದರೆ ಅದರ ತಳವೈನು, ಅಂದರೆ ನೊರೆ ಬರಿಸುವ ಮುಂಚಿನ ಸಾದಾ ವೈನು, ಯಾವ ವರ್ಷದ್ದೆಂದು ಕೇಳಿ. ಹಳೆಯ ಮನೆತನಗಳು ಹಿಂದಿನ ವರ್ಷಗಳ ವೈನನ್ನು ಕೂಡಿಟ್ಟು ಬೆರೆಸುತ್ತವೆ. ಐದಾರು ವರ್ಷದ ಸಣ್ಣ ತೋಟಕ್ಕೆ ಅಂಥ ದಾಸ್ತಾನು ಎಲ್ಲಿಂದ ಬರಬೇಕು? ಅವರ ಎನ್‌ವಿ ಬಹುಪಾಲು ಒಂದೇ ವರ್ಷದ್ದು, ಮುಂದಿನ ಸಲ ಅದೇ ಚೀಟಿಯ ಬಾಟಲಿ ಬೇರೆಯೇ ರುಚಿ ಕೊಡಬಹುದು.

ಚೀಟಿಯಲ್ಲಿ ‘ಬ್ರಿಟಿಷ್ ವೈನ್’ ಎಂದಿದ್ದರೆ ಕೆಳಗಿಡಿ. ಅದು ಹೊರದೇಶದಿಂದ ತಂದ ದ್ರಾಕ್ಷಿರಸದ ಗಟ್ಟಿಗೆ ನೀರು ಬೆರೆಸಿ ಮಾಡಿದ್ದು. ಬೇಕಾದ್ದು ‘ಇಂಗ್ಲಿಷ್’ ಅಥವಾ ‘ವೆಲ್ಷ್’, ಜೊತೆಗೆ ‘ಟ್ರೆಡಿಷನಲ್ ಮೆಥಡ್’, ಅಂದರೆ ಬಾಟಲಿಯೊಳಗೇ ಎರಡನೇ ಸಲ ಹುದುಗೆಬ್ಬಿಸಿದ್ದು. 2022ರಿಂದ ‘ಸಸೆಕ್ಸ್’ ಎಂಬ ಹೆಸರಿಗೂ ಕಾನೂನಿನ ರಕ್ಷಣೆ ಇದೆ.

ಇನ್ನು ಎಲ್ಲಿಗೆ ಹೋಗೋದು. ಲಂಡನ್ ವಿಕ್ಟೋರಿಯಾದಿಂದ ಲೂಯಿಸ್‌ಗೆ ನೇರ ರೈಲು, ಒಂದು ಗಂಟೆಗೆ ತುಸು ಹೆಚ್ಚು. ಅದರ ಹತ್ತಿರದ ಕಣಿವೆಯಲ್ಲಿದೆ ಬ್ರೇಕಿ ಬಾಟಮ್, 1974ರಲ್ಲಿ ನೆಟ್ಟ ಆರು ಎಕರೆ ತೋಟ. ಥಂಡಿಯ ರೋಗಗಳನ್ನು ತಡೆದುಕೊಳ್ಳುವ ಸೇವಾಲ್ ಬ್ಲಾಂ ಎಂಬ ಮಿಶ್ರತಳಿಯನ್ನು ವಿದ್ವಾಂಸರೆಲ್ಲ ಹೀಗಳೆಯುತ್ತಿದ್ದಾಗ ಅದರಿಂದಲೇ ದೀರ್ಘ ಬಾಳಿಕೆಯ ವೈನ್ ಮಾಡಿ ತೋರಿಸಿದ ಜಾಗ. ಒಂದೇ ಕಡೆ ಹೋಗುವುದಾದರೆ ಇಲ್ಲಿಗೆ ಹೋಗಿ. ಸಾವಯವ ಪದ್ಧತಿಯಲ್ಲಿ ಬೆಳೆಯುವುದನ್ನು ನೋಡಬೇಕೆಂದರೆ ಡೇವನ್‌ಪೋರ್ಟ್, ಕೆಂಟಿನ ಕಡೆ ಹೊರಟರೆ ಚಾರಿಂಗ್ ಬಳಿಯ ವೆಸ್ಟ್‌ವೆಲ್, ಹ್ಯಾಂಪ್‌ಶೈರಿನಲ್ಲಿ ಬ್ಲ್ಯಾಕ್ ಚಾಕ್, ಥೇಮ್ಸ್ ದಂಡೆಯ ಮಾರ್ಲೋದಲ್ಲಿ ಹ್ಯಾರೋ ಅಂಡ್ ಹೋಪ್. ಎಲ್ಲಿಗಾದರೂ ಮೊದಲೇ ಇ-ಮೇಲ್ ಮಾಡಿ, ಬಾಗಿಲು ತಟ್ಟಿದೊಡನೆ ತೆರೆಯಲು ಅಲ್ಲಿ ಅಂಗಡಿಯಾಳು ಇರುವುದಿಲ್ಲ. ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಕೊಯ್ಲು, ಆಗ ಹೋಗಲೇಬೇಡಿ. ಕಾರು ಓಡಿಸುವವರು ರುಚಿ ನೋಡಿ ಉಗುಳಬೇಕು. ಅದಕ್ಕೆಂದೇ ಪಾತ್ರೆ ಇಟ್ಟಿರುತ್ತಾರೆ, ಯಾರೂ ಅಸಹ್ಯಪಡುವುದಿಲ್ಲ.

ರುಚಿ ನೋಡುವಾಗ ಬೇಯಿಸಿದ ಕೋಸಿನ ವಾಸನೆ ಬಂದರೆ ವೈನಿಗೆ ಬೆಳಕು ಬಡಿದಿದೆ ಎಂದರ್ಥ. ಬಣ್ಣವಿಲ್ಲದ ಗಾಜಿನ ಬಾಟಲಿಯ ರೋಸೆಯನ್ನು (ಗುಲಾಬಿ ಬಣ್ಣದ ವೈನನ್ನು) ಕಿಟಕಿಯಲ್ಲಿ ಇಟ್ಟಿದ್ದರೆ ಇದು ಬೇಗ ಆಗುತ್ತದೆ, ಹಾಗಾಗಿ ಶೋಕೇಸಿನದ್ದು ಬೇಡವೆಂದು ಒಳಗಿನ ಪೆಟ್ಟಿಗೆಯಿಂದ ಕೇಳಿ. ಗುಳ್ಳೆಗಳು ದಪ್ಪಗೆ ಬಂದು ಎರಡೇ ನಿಮಿಷಕ್ಕೆ ಅಡಗಿ, ಬಾಯಲ್ಲಿ ಸಿಹಿ ನಿಂತರೆ ಎರಡನೇ ಹುದುಗು ಅರ್ಧಕ್ಕೇ ನಿಂತಿರಬಹುದು. ಹುಳಿ ಹೆಚ್ಚಿ, ಮಾಳಿಗೆ ತೀರಾ ತಣ್ಣಗಿದ್ದರೆ ಯೀಸ್ಟ್ ಸಕ್ಕರೆಯನ್ನು ಪೂರ್ತಿ ತಿನ್ನದೆ ಮಲಗಿಬಿಡುತ್ತದೆ.

ಊರಿಗೆ ತರುವವರಿಗೆ: ಭಾರತದ ಕಸ್ಟಮ್ಸ್ ತೆರಿಗೆಯಿಲ್ಲದೆ ಬಿಡುವುದು ತಲೆಗೆ ಎರಡು ಲೀಟರ್. 750 ಮಿಲಿಯ ಎರಡು ಬಾಟಲಿ ಸರಿ, ಮೂರನೆಯದು ಮಿತಿ ದಾಟುತ್ತದೆ. ದಪ್ಪ ಗಾಜಿನಿಂದಾಗಿ ಒಂದೊಂದೂ ಒಂದೂವರೆ ಕಿಲೋ ಮೀರಿ ತೂಗುತ್ತದೆ. ಚೆಕ್-ಇನ್ ಸೂಟ್‌ಕೇಸಿನ ನಡುವೆ ಬಟ್ಟೆ ಸುತ್ತಿಡಿ. ಬಂದಮೇಲೆ ಎರಡು ದಿನ ಅಲುಗಿಸದೆ ಬಿಟ್ಟು, ಮೂರು ಗಂಟೆ ಫ್ರಿಜ್ಜಿನಲ್ಲಿ ಅಥವಾ ಅರ್ಧ ಗಂಟೆ ಐಸು ಬೆರೆತ ನೀರಿನಲ್ಲಿ ಇಟ್ಟು ತೆರೆಯಿರಿ. ಬೆಚ್ಚಗಿದ್ದರೆ ಕಾಲುಭಾಗ ನೆಲಕ್ಕೆ ಹೋಗುತ್ತದೆ. ಬಾಟಲಿಯನ್ನು ಓರೆ ಮಾಡಿ, ಕಾರ್ಕನ್ನು ಬಿಗಿಯಾಗಿ ಹಿಡಿದು, ಬಾಟಲಿಯನ್ನೇ ತಿರುಗಿಸಬೇಕು. ಜೊತೆಗೆ ಗೋಳಿಬಜೆಯೋ ಕೋಡುಬಳೆಯೋ ಇರಲಿ, ಕರಿದ ಎಣ್ಣೆಗೂ ಉಪ್ಪಿಗೂ ಈ ಹುಳಿ ಚೆನ್ನಾಗಿ ಹೊಂದುತ್ತದೆ. ಹಸಿಮೆಣಸಿನ ಚಟ್ನಿಯನ್ನು ಮಾತ್ರ ದೂರವಿಡಿ, ಖಾರದ ಮೇಲೆ ಗುಳ್ಳೆ ಬಿದ್ದರೆ ನಾಲಿಗೆ ಉರಿಯುತ್ತದೆ.