ಡೈಪೋಲ್ ಮತ್ತು ಬೂತಾಯಿ: ನಂಟು ಹುಡುಕುವ ಮುನ್ನ

ಬೂತಾಯಿ (ಆಯಿಲ್ ಸಾರ್ಡೀನ್ ಮೀನು) ದರ ಏರಿದ ವರ್ಷ ಬೆಂಗಳೂರಿನಲ್ಲಿ ಕೂತು ಕಾರಣ ಹುಡುಕುವವರಿಗೆ ಸುಲಭವಾಗಿ ಸಿಗುವುದು ಎರಡು ಕಡತ: ಹಿಂದೂ ಮಹಾಸಾಗರದ ಪಶ್ಚಿಮ, ಪೂರ್ವ ಭಾಗಗಳ ತಾಪಮಾನದ ವ್ಯತ್ಯಾಸ ಹೇಳುವ ಡೈಪೋಲ್ ಸೂಚ್ಯಂಕ ಒಂದು, ವಾರ್ಷಿಕ ಮೀನು ಇಳುವರಿ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು ಕೋರಿಲೇಶನ್, ಅಂದರೆ ಅವು ಎಷ್ಟರಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬ ಅಳತೆ, ತೆಗೆದರೆ ಏನೋ ಒಂದು ಸಂಖ್ಯೆ ಬಂದೇ ಬರುತ್ತದೆ. ಅದನ್ನು ನಂಬಬೇಕಾದರೆ ಮೊದಲು ಮಾಡಬೇಕಾದ ಕೆಲಸ ಬೇರೆಯೇ ಇದೆ.

ಡೈಪೋಲನ್ನು 1999ರಲ್ಲಿ ವಿವರಿಸಿದ ನಾಲ್ವರಲ್ಲಿ ಬಿ.ಎನ್. ಗೋಸ್ವಾಮಿ ಮತ್ತು ಪಿ.ಎನ್. ವಿನಯಚಂದ್ರನ್ ನಮ್ಮ ಐಐಎಸ್‌ಸಿಯಲ್ಲಿ ಪಾಠ ಮಾಡಿದವರು. ಸೂಚ್ಯಂಕದ ಲೆಕ್ಕ ಕಷ್ಟದ್ದಲ್ಲ. ಪಶ್ಚಿಮದ ಚೌಕ 50ರಿಂದ 70 ಡಿಗ್ರಿ ಪೂರ್ವ ರೇಖಾಂಶ, 10 ದಕ್ಷಿಣದಿಂದ 10 ಉತ್ತರ ಅಕ್ಷಾಂಶ. ಪೂರ್ವದ್ದು 90ರಿಂದ 110 ಡಿಗ್ರಿ, 10 ದಕ್ಷಿಣದಿಂದ ಸಮಭಾಜಕದವರೆಗೆ. ಪ್ರತಿ ತಿಂಗಳ ಮೇಲ್ಮೈ ತಾಪಮಾನದಿಂದ ಅದೇ ತಿಂಗಳ 1991–2020ರ ಸರಾಸರಿಯನ್ನು ಕಳೆದು, ಅಕ್ಷಾಂಶದ ಕೊಸೈನ್ ತೂಕ ಕೊಟ್ಟು ಚೌಕದ ಸರಾಸರಿ ತೆಗೆದು, ಪಶ್ಚಿಮದಿಂದ ಪೂರ್ವವನ್ನು ಕಳೆಯಬೇಕು. ಅರ್ಧ ಡಿಗ್ರಿ ಆಸುಪಾಸಿನ ವ್ಯತ್ಯಾಸವೇ ಇಲ್ಲಿ ದೊಡ್ಡ ಸುದ್ದಿ. ಹಾಗಾಗಿ ದಶಕಗಳ ಬಿಸಿಯೇರಿಕೆಯನ್ನು ಮೊದಲೇ ತೆಗೆಯದಿದ್ದರೆ ಅದೇ ಡೈಪೋಲಿನ ವೇಷ ಹಾಕಿಕೊಂಡು ಬರುತ್ತದೆ.

ಈಗ ನಕ್ಷೆ ನೋಡಿ. ಮಂಗಳೂರು ಇರುವುದು ಸುಮಾರು 12.9 ಉತ್ತರ, 74.8 ಪೂರ್ವದಲ್ಲಿ. ಎರಡೂ ಚೌಕಗಳ ಹೊರಗೆ! ಅಂದರೆ ಸೂಚ್ಯಂಕ ನಮ್ಮ ಕರಾವಳಿಯ ನೀರಿನ ಬಗ್ಗೆ ನೇರವಾಗಿ ಏನನ್ನೂ ಹೇಳುವುದಿಲ್ಲ. ನಂಟು ಬರುವುದು ಸುತ್ತು ದಾರಿಯಲ್ಲಿ. ಡೈಪೋಲ್ ಧನವಾಗಿದ್ದಾಗ, ಅಂದರೆ ವಾಡಿಕೆಗೆ ಹೋಲಿಸಿದರೆ ಪಶ್ಚಿಮದ ಚೌಕ ಪೂರ್ವದ್ದಕ್ಕಿಂತ ಬಿಸಿಯಾಗಿದ್ದಾಗ, ಭಾರತದ ದಕ್ಷಿಣ ತುದಿ, ಶ್ರೀಲಂಕಾ ಸುತ್ತ ಗಾಳಿ ವಾಡಿಕೆಗಿಂತ ಹೆಚ್ಚು ಪೂರ್ವದ ಕಡೆಯಿಂದ ಬೀಸುತ್ತದೆ. ಅದರಿಂದ ಹುಟ್ಟುವ ಕರಾವಳಿ ಕೆಲ್ವಿನ್ ಅಲೆ ಕೇರಳ, ಕರ್ನಾಟಕದ ದಡ ಹಿಡಿದು ಉತ್ತರಕ್ಕೆ ಸಾಗುತ್ತಾ, ಮೇಲಿನ ಬಿಸಿನೀರಿಗೂ ಕೆಳಗಿನ ತಣ್ಣೀರಿಗೂ ನಡುವಿನ ಪದರವನ್ನು, ಅಂದರೆ ಥರ್ಮೋಕ್ಲೈನನ್ನು, ಕೆಳಕ್ಕೆ ಒತ್ತುತ್ತದೆ. ಮಳೆಗಾಲದ ಕೊನೆಗೆ ನಮ್ಮ ಕಡಲತಳಕ್ಕೆ ನುಗ್ಗುವ ಆಮ್ಲಜನಕ ಕಡಿಮೆಯಾದ ನೀರು ಆಗ ಮೇಲೇರಲಾರದು. ತಳದ ಜೀವಿಗಳಿಗೆ ಇದು ಒಳ್ಳೆಯದು. ಆದರೆ ಅದೇ ತಣ್ಣೀರು ಪೋಷಕಾಂಶವನ್ನೂ ತರುತ್ತಿತ್ತು. ಬೂತಾಯಿಗೆ ಆಹಾರವಾದ ಪ್ಲಾಂಕ್ಟನ್ (ನೀರಲ್ಲಿ ತೇಲುವ ಸೂಕ್ಷ್ಮ ಜೀವಿಗಳು) ಬೆಳೆಯುವುದು ಅದರಿಂದಲೇ. ಒಂದೇ ಘಟನೆ ಎರಡು ವಿರುದ್ಧ ಕೆಲಸ ಮಾಡುವಾಗ ಎಲ್ಲ ಮೀನನ್ನೂ ಕೂಡಿಸಿದ ಒಟ್ಟು ಟನ್ನಿನಲ್ಲಿ ಏನು ಹುಡುಕುವುದು? ಜಾತಿವಾರು ಅಂಕಿ ಬೇಕೇ ಬೇಕು. ಇನ್ನೊಂದು: ಡೈಪೋಲ್ ಋಣವಾದ ಮಾತ್ರಕ್ಕೆ ಆಮ್ಲಜನಕ ಕುಸಿಯಲೇಬೇಕೆಂದಿಲ್ಲ. ಹಾಗಾಗಿ ನೇರ ಗೆರೆ ಎಳೆಯುವ ಬದಲು ಧನ, ಋಣ, ತಟಸ್ಥ ವರ್ಷಗಳನ್ನು ಬೇರೆ ಗುಂಪು ಮಾಡಿ ನೋಡುವುದೇ ಸರಿ.

ಸ್ಥಳೀಯ ತಾಪಮಾನ ಬಳಸಿದರೆ ಸಾಕಲ್ಲ ಎನ್ನಬಹುದು. ಸಾಲದು. ಮಳೆ ಮತ್ತು ಹೊಳೆಗಳ ಸಿಹಿನೀರು ಕಡಲಿನ ಮೇಲೆ ಕೆಲವೇ ಮೀಟರ್ ದಪ್ಪದ ಹಗುರ ಪದರವಾಗಿ ನಿಲ್ಲುತ್ತದೆ. ಅದರಡಿ ತಣ್ಣೀರು ಬಂದು ಕೂತಿದ್ದರೂ ಉಪಗ್ರಹಕ್ಕೆ ಕಾಣುವುದು ಮೇಲಿನ ಬೆಚ್ಚನೆಯ ನೀರು ಮಾತ್ರ. ಪ್ಲಾಂಕ್ಟನ್ ಎಷ್ಟಿದೆ ಎಂದು ಉಪಗ್ರಹದಿಂದ ಅಂದಾಜಿಸಲು ಬಳಸುವ ಕ್ಲೋರೋಫಿಲ್ ಕಥೆಯೂ ಹಾಗೇ: ನಮಗೆ ಬೇಕಾದ ಜೂನ್–ಸೆಪ್ಟೆಂಬರಿನಲ್ಲೇ ಮೋಡ ಕವಿದಿರುತ್ತದೆ, ತಿಂಗಳ ಸರಾಸರಿ ಎಂದು ಸಿಗುವುದು ಬಿಸಿಲು ಬಿದ್ದ ನಾಲ್ಕಾರು ದಿನದ್ದು. ಮೋಡ ದಾಟಿ ತಾಪಮಾನ ಅಳೆಯುವ ಮೈಕ್ರೋವೇವ್ ಸಾಧನ ದಡದ ಹತ್ತಿರ ಕುರುಡು. ನನ್ನ ಆಯ್ಕೆ ಸಮುದ್ರ ಮಟ್ಟ. ಥರ್ಮೋಕ್ಲೈನ್ ಮೇಲೇರಿದರೆ ಮಟ್ಟ ಇಳಿಯುತ್ತದೆ, ಇದಕ್ಕೆ ಮೋಡದ ಹಂಗಿಲ್ಲ.

ಮೀನಿನ ಕಡತದಲ್ಲಿ ತೊಡಕು ಹೆಚ್ಚು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ನಮ್ಮಲ್ಲಿ ಹಂಗಾಮು ಆಗಸ್ಟ್‌ನಿಂದ ಮೇವರೆಗೆ. ಜನವರಿ–ಡಿಸೆಂಬರ್ ಮೊತ್ತ ತೆಗೆದುಕೊಂಡರೆ ಎರಡು ಹಂಗಾಮುಗಳ ಅರ್ಧರ್ಧ ಸೇರಿಹೋಗುತ್ತದೆ, ಅದೂ ಡೈಪೋಲ್ ಜೋರಾಗುವ ಸೆಪ್ಟೆಂಬರ್–ನವೆಂಬರ್ ಆದಮೇಲಿನ ಮೀನು ಮುಂದಿನ ವರ್ಷದ ಲೆಕ್ಕಕ್ಕೆ ಹೋಗುತ್ತದೆ. ತಿಂಗಳವಾರು ಅಂಕಿ ತಂದು ಹಂಗಾಮಿನಂತೆ ಕೂಡಿಸಿ. ದಡಕ್ಕೆ ಬಂದ ಮೀನು ಕಡಲಲ್ಲಿರುವ ಮೀನಲ್ಲ ಎಂಬುದೂ ನೆನಪಿರಲಿ. 2019ರಲ್ಲಿ ಡೈಪೋಲ್ ಬಲವಾಗಿತ್ತು, ಅದೇ ಹಂಗಾಮಿನಲ್ಲಿ ಅರಬ್ಬಿ ಸಮುದ್ರದಲ್ಲಿ ಕ್ಯಾರ್, ಮಹಾ ಚಂಡಮಾರುತಗಳೂ ಎದ್ದವು. ದೋಣಿ ದಕ್ಕೆಯಲ್ಲೇ ನಿಂತ ದಿನಗಳನ್ನು ಮೀನಿನ ಅಭಾವ ಎಂದು ಎಣಿಸಬಾರದು. ಟನ್ನನ್ನು ಟ್ರಿಪ್ಪಿನಿಂದ ಭಾಗಿಸಲೇಬೇಕು.

ಕೇರಳದ ಬೂತಾಯಿ ಇಳುವರಿ 2012ರಲ್ಲಿ ಸುಮಾರು 3.9 ಲಕ್ಷ ಟನ್, 2021ರಲ್ಲಿ 3,297 ಟನ್. ಇಂಥ ಸರಣಿಯಲ್ಲಿ ಒಂದೆರಡು ವರ್ಷವೇ ಇಡೀ ಉತ್ತರ ಬರೆದುಬಿಡುತ್ತವೆ, ಹಾಗಾಗಿ ಅಂಕಿಗಳ ಲಾಗ್ (ಲಾಗರಿದಮ್) ತೆಗೆದುಕೊಳ್ಳಿ. ಮೀನಿನ ಅಂಕಿ ಹಿಂದಿನ ವರ್ಷದ್ದನ್ನು ಹಿಡಿದೇ ನಡೆಯುತ್ತದೆ. ಪಕ್ಕದಲ್ಲಿಟ್ಟ ಹವಾಮಾನದ ಸರಣಿಯೂ ಸಮುದ್ರ ಮಟ್ಟದಂತೆ ನಿಧಾನವಾಗಿ ಬದಲಾಗುವಂಥದ್ದಾಗಿ, ಎರಡರಲ್ಲೂ ಒಂದು ವರ್ಷದ ಸ್ವ-ಕೋರಿಲೇಶನ್ (ಹಿಂದಿನ ವರ್ಷದ ಅಂಕಿಯೊಂದಿಗಿನ ನಂಟು) 0.6 ಇದ್ದರೆ, 20 ವರ್ಷದ ದತ್ತಾಂಶ ಕೊಡುವುದು 9 ಸ್ವತಂತ್ರ ವರ್ಷಗಳ ಮಾಹಿತಿ ಮಾತ್ರ. ಬರೀ ಆಕಸ್ಮಿಕವಲ್ಲ ಎನ್ನಲು 20ಕ್ಕೆ 0.44 ದಾಟಿದರೆ ಸಾಕಿದ್ದ ಕೋರಿಲೇಶನ್, 9ಕ್ಕೆ 0.67 ದಾಟಬೇಕು. ಬೂತಾಯಿ ಆಯುಷ್ಯವೇ ಎರಡೂವರೆ ವರ್ಷದಷ್ಟು. ಶೂನ್ಯ ಅಥವಾ ಒಂದು ವರ್ಷದ ಅಂತರ ಬಿಟ್ಟು ನಾಲ್ಕು ವರ್ಷದ ಅಂತರದಲ್ಲಿ ನಂಟು ಸಿಕ್ಕರೆ ಅದು ಮೀನಿನದಲ್ಲ, ಹುಡುಕಾಟದ್ದು. ಕೊನೆಗೆ ಡೈಪೋಲ್ ತೀರಾ ಬಲವಾಗಿದ್ದ 1997 ಮತ್ತು 2019ನ್ನು ತೆಗೆದು ಇನ್ನೊಮ್ಮೆ ಲೆಕ್ಕ ಹಾಕಿ, ಎರಡೂ ಫಲಿತಾಂಶಗಳನ್ನು ಒಂದೇ ಕೋಷ್ಟಕದಲ್ಲಿ ಪ್ರಕಟಿಸಿ.