ಬಾತ್‌ರೂಮಿನಲ್ಲಿ ಗಿಡ ಬದುಕುತ್ತಾ?

ನಮ್ಮ ಮನೆಗೆ ಬಂದವರು ಬಾತ್‌ರೂಮಿಗೆ ಹೋಗಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರೆ ಮೊದಲು ಕೇಳುವುದು ಇದನ್ನೇ: "ಅಲ್ರೀ, ಅಲ್ಲಿ ಗಿಡ ಹೇಗೆ ಬದುಕುತ್ತೆ? ನಾವೂ ಇಡಬೇಕು ಅಂತಿದೀವಿ, ಯಾವುದು ತರೋಣ?" ವಾಟ್ಸಾಪಿನಲ್ಲಂತೂ ತಮ್ಮ ಬಾತ್‌ರೂಮಿನ ಫೋಟೊ ಸಮೇತ ಕೇಳುತ್ತಾರೆ. ಒಬ್ಬೊಬ್ಬರಿಗೂ ಟೈಪ್ ಮಾಡಿ ಸಾಕಾಗಿದೆ. ಒಂದು ಸಲ ಪೂರ್ತಿ ಬರೆದುಬಿಡೋಣ ಅಂತ ಕೂತಿದ್ದೇನೆ.

ಗಿಡದ ಹೆಸರು ಆಮೇಲೆ. ಮೊದಲು ಒಂದು ಕೆಲಸ ಮಾಡಿ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಬಾತ್‌ರೂಮಿನ ಲೈಟ್ ಆರಿಸಿ, ಬಾಗಿಲು ಹಾಕಿಕೊಂಡು, ಗಿಡ ಇಡುವ ಜಾಗದಲ್ಲಿ ಪೇಪರ್ ಹಿಡಿಯಿರಿ. ಒಳಗೆ ಹೋದ ತಕ್ಷಣ ಸಣ್ಣ ಜಾಹೀರಾತಿನ ಅಕ್ಷರ ಓದಲು ಬಂದರೆ ಗಿಡ ಇಡಬಹುದು. ದಪ್ಪ ಅಕ್ಷರದ ಹೆಡ್ಡಿಂಗ್ ಮಾತ್ರ ಕಂಡರೆ ಪಾಳಿಯ ಮೇಲೆ ಇಡಬೇಕು, ಅದೇನೆಂದು ಮುಂದೆ ಹೇಳುತ್ತೇನೆ. ಏನೂ ಕಾಣದಿದ್ದರೆ ಪ್ಲಾಸ್ಟಿಕ್ ಗಿಡ ತನ್ನಿ, ಅದರಲ್ಲಿ ನಾಚಿಕೆ ಏನಿಲ್ಲ. ಐದು ನಿಮಿಷ ನಿಂತು ನೋಡಬೇಡಿ. ಕಣ್ಣು ಕತ್ತಲೆಗೆ ಹೊಂದಿಕೊಂಡು "ಬೆಳಕಿದೆಯಲ್ಲ" ಅನ್ನಿಸಿಬಿಡುತ್ತದೆ. ನಮ್ಮ ಕಣ್ಣು ಅಡ್ಜಸ್ಟ್ ಆಗುತ್ತದೆ, ಗಿಡ ಆಗುವುದಿಲ್ಲ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನಮ್ಮ ಬೆಂಗಳೂರಿನ ಮನೆಗಳೇ. ಥರ್ಟಿ-ಫಾರ್ಟಿ ಸೈಟಿನಲ್ಲಿ ಮೂರು ಮಹಡಿ ಎದ್ದಿರುತ್ತದೆ. ಬಾತ್‌ರೂಮಿನ ವೆಂಟಿಲೇಟರ್‌ನಿಂದ ಕೈ ಚಾಚಿದರೆ ಪಕ್ಕದ ಮನೆಯ ಗೋಡೆ ಸಿಗುತ್ತದೆ. ಅಪಾರ್ಟ್‌ಮೆಂಟಿನಲ್ಲಾದರೆ ವೆಂಟಿಲೇಟರ್ ಡಕ್ಟಿಗೆ ತೆರೆದುಕೊಳ್ಳುತ್ತದೆ. ಅಲ್ಲಿ ಪೈಪು ಮತ್ತು ಪಾರಿವಾಳ ಬಿಟ್ಟರೆ ಬೇರೇನೂ ಇಲ್ಲ. ನಮ್ಮದು ವಿಜಯನಗರದ ಬಾಡಿಗೆ ಮನೆ, ಎರಡನೇ ಮಹಡಿ. ವೆಂಟಿಲೇಟರ್‌ಗೆ ಅಡ್ಡಪಟ್ಟಿಯ ಗಾಜು. ಹನ್ನೊಂದರಿಂದ ಒಂದೂವರೆವರೆಗೆ ಒಳ್ಳೆಯ ಬೆಳಕು, ಉಳಿದ ಹೊತ್ತು ಮಬ್ಬು. ಇಷ್ಟರಲ್ಲೇ ನನ್ನ ಗಿಡಗಳು ಬದುಕಬೇಕು.

ಮೊದಲ ಸಲ ನಾನೂ ಮೋಸ ಹೋದೆ. "ಬಾತ್‌ರೂಮಿಗೆ ಹೇಳಿ ಮಾಡಿಸಿದ್ದು ಮೇಡಂ, ತೇವ ಅಂದ್ರೆ ಇದಕ್ಕೆ ಪ್ರಾಣ" ಅಂತ ಒಂದು ನರ್ಸರಿಯಲ್ಲಿ ಬಾಸ್ಟನ್ ಫರ್ನ್ ಕೊಟ್ಟರು. 350 ರೂಪಾಯಿ. ಜನವರಿಯಲ್ಲಿ ತಂದೆ. ಫೆಬ್ರವರಿ ಕೊನೆಗೆ ಹುಣಸೆ ಮರದ ಕೆಳಗೆ ಉದುರಿರುತ್ತದಲ್ಲ, ಆ ಥರ ಪುಟ್ಟ ಪುಟ್ಟ ಕಂದು ಎಲೆ ನೆಲದ ತುಂಬ. ದಿನಾ ಬೆಳಗ್ಗೆ ಜಾಲರಿಯಲ್ಲಿ ಸಿಕ್ಕಿಕೊಂಡಿದ್ದನ್ನು ಹೆಕ್ಕುವುದೇ ಕೆಲಸವಾಯಿತು. ಆಮೇಲೆ ಅರ್ಥವಾಯಿತು. ನಮ್ಮ ಬಾತ್‌ರೂಮಿನಲ್ಲಿ ಹಬೆ ಇರುವುದು ಸ್ನಾನ ಆದಮೇಲೆ ಅರ್ಧ ಗಂಟೆ. ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಅದೂ ಇಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಬೆಂಗಳೂರಿನ ಗಾಳಿ ತುಟಿ ಒಡೆಯುವಷ್ಟು ಒಣ. ಮಳೆಗಾಲದಲ್ಲಿ ಫರ್ನ್ ಚೆನ್ನಾಗಿರುತ್ತದೆ, ಒಪ್ಪುತ್ತೇನೆ. ಆದರೆ ಸುಲಭದ ಗಿಡ ಬೇಕು ಅನ್ನುವವರಿಗೆ ನಾನಂತೂ ಹೇಳುವುದಿಲ್ಲ.

ಈಗ ಇರುವುದು ಮೂರೇ ಜಾತಿ.

ಮೊದಲನೆಯದು ಎಲ್ಲರ ಮನೆಯಲ್ಲೂ ಇರುವ ಮನಿ ಪ್ಲಾಂಟ್. ದುಡ್ಡು ಕೊಟ್ಟು ತರಬೇಡಿ, ಪಕ್ಕದ ಮನೆಯವರನ್ನು ಕೇಳಿ ಒಂದು ತುಂಡು ತನ್ನಿ. ಬಳ್ಳಿಯ ಗೆಣ್ಣನ್ನು ಹತ್ತಿರದಿಂದ ನೋಡಿ. ಎಲೆಯ ತೊಟ್ಟು ಸೇರುವ ಕಡೆ ಕಂದು ಬಣ್ಣದ ಸಣ್ಣ ಮೊಳಕೆಯ ಥರದ್ದು ಇರುತ್ತದೆ. ಅದೇ ಬೇರಾಗುವುದು. ಅದರ ಕೆಳಗೆ ಕತ್ತರಿಸಿ, ಆ ಗೆಣ್ಣು ನೀರಿನಲ್ಲಿ ಮುಳುಗುವ ಹಾಗೆ ಬಾಟಲಿಯಲ್ಲಿಡಬೇಕು. ಗೆಣ್ಣು ಇಲ್ಲದ ಬರೀ ಎಲೆ ಇಟ್ಟರೆ ಹೊಸ ಬಳ್ಳಿ ಬರುವುದಿಲ್ಲ. ನಮ್ಮದು ಹಳೇ ಜ್ಯೂಸ್ ಬಾಟಲಿಯಲ್ಲೇ ಎರಡು ವರ್ಷದಿಂದ ಇದೆ. ಬೆಳಕು ಕಡಿಮೆಯಾದರೆ ಎಲೆಯ ಮೇಲಿನ ಹಳದಿ ಪಟ್ಟೆ ಮಾಯವಾಗಿ ಪೂರ್ತಿ ಹಸಿರಾಗುತ್ತದೆ, ಗೆಣ್ಣುಗಳ ನಡುವೆ ಅಂತರ ಜಾಸ್ತಿಯಾಗುತ್ತದೆ. ಗಾಬರಿ ಬೇಡ, ಬೆಳಕು ಬೇಕು ಅಂತ ಅದು ಕೇಳುತ್ತಿದೆ ಅಷ್ಟೆ.

ಬಾಟಲಿಯ ನೀರನ್ನು ಮಾತ್ರ ವಾರಕ್ಕೊಮ್ಮೆ ತಪ್ಪದೇ ಚೆಲ್ಲಿ, ಬಾಟಲಿ ಒಳಗೆ ಉಜ್ಜಿ, ಹೊಸ ನೀರು ಹಾಕಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ. ಮೊಟ್ಟೆಯಿಂದ ಸೊಳ್ಳೆ ಆಗಿ ಹಾರಲು ಹೆಚ್ಚುಕಮ್ಮಿ ಒಂದು ವಾರ ಸಾಕು. ನಾನು ಶನಿವಾರ ಅಂತ ಇಟ್ಟುಕೊಂಡಿದ್ದೇನೆ. ತಲೆಗೆ ಎಣ್ಣೆ ಹಚ್ಚಿಕೊಂಡು ನೆನೆಯುವ ಹೊತ್ತಿಗೆ ಈ ಕೆಲಸ ಮುಗಿಯುತ್ತದೆ.

ಎರಡನೆಯದು ಸ್ನೇಕ್ ಪ್ಲಾಂಟ್. ಪಶ್ಚಿಮ ಆಫ್ರಿಕಾದ ಗಿಡ. ಹಗಲು ಎಲೆಯ ರಂಧ್ರ ಮುಚ್ಚಿಕೊಂಡು ರಾತ್ರಿ ತೆರೆಯುತ್ತದೆ, ಹಾಗಾಗಿ ನೀರು ಕಳೆದುಕೊಳ್ಳುವುದು ತೀರಾ ಕಮ್ಮಿ. ಇದು ಸಾಯುವುದು ಪ್ರೀತಿಯಿಂದ! ನಮ್ಮ ಚಿಕ್ಕಮ್ಮ ಬಂದು ಹದಿನೈದು ದಿನ ಇದ್ದರು. ದಿನಾ ಸ್ನಾನ ಮಾಡಿ ಒಂದು ಮಗ್ ನೀರು ಅದಕ್ಕೂ ಹಾಕಿದ್ದಾರೆ, ಪಾಪ. ಅವರು ಊರಿಗೆ ಹೋದಮೇಲೆ ಎಲೆ ಹಿಡಿದು ಸುಮ್ನೆ ಎಳೆದೆ. ಬುಡ ಕೊಳೆತು ಕೈಗೇ ಬಂತು, ಜೊತೆಗೆ ಕೆಟ್ಟ ವಾಸನೆ. ಬೆರಳು ಎರಡು ಗೆಣ್ಣಿನಷ್ಟು ಮಣ್ಣಿಗೆ ಚುಚ್ಚಿ ನೋಡಿ, ಪೂರ್ತಿ ಒಣಗಿದ್ದರೆ ಮಾತ್ರ ನೀರು. ನನ್ನದಕ್ಕೆ ಚಳಿಗಾಲದಲ್ಲಿ ತಿಂಗಳಿಗೊಂದು ಸಲ ಹಾಕಿದರೆ ಜಾಸ್ತಿ.

ಮೂರನೆಯದು ಝೀಝೀ ಪ್ಲಾಂಟ್. ಮಣ್ಣಿನ ಕೆಳಗೆ ಆಲೂಗಡ್ಡೆಯಂಥ ಗೆಡ್ಡೆಯಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ಹೊಸ ಕುಡಿ ಅಪರೂಪಕ್ಕೆ ಬರುತ್ತದೆ. ಬಂದ ದಿನ ಮನೆಯವರನ್ನೆಲ್ಲ ಕರೆದು ತೋರಿಸುತ್ತೇನೆ.

ಅಜ್ಜಿಯ ಮನೆ ತೀರ್ಥಹಳ್ಳಿ ಕಡೆ. ಅಲ್ಲಿ ಬಚ್ಚಲ ನೀರು ಹಿತ್ತಲಿಗೆ ಹರಿಯುತ್ತಿತ್ತು, ಆ ಕಾಲುವೆಯ ಪಕ್ಕ ಬಾಳೆ, ಕೆಸು. ಮನಿ ಪ್ಲಾಂಟು, ಝೀಝೀ, ಕೆಲವರು ಇಡುವ ಪೀಸ್ ಲಿಲ್ಲಿ, ಎಲ್ಲವೂ ಆ ಕೆಸುವಿನ ಕುಟುಂಬದವೇ. ಗೊತ್ತಾದಾಗ ನಗು ಬಂತು. ಬಚ್ಚಲ ಹೊರಗಿದ್ದವರ ನೆಂಟರು ಈಗ ಒಳಗೆ ಬಂದಿದ್ದಾರೆ! ಪತ್ರೊಡೆ ಮಾಡುವವರಿಗೆ ಕೆಸುವಿನ ತುರಿಕೆ ಗೊತ್ತು, ಅದಕ್ಕೇ ಹುಣಸೆಹುಳಿ ಹಾಕುವುದು. ಆ ತುರಿಕೆಗೆ ಕಾರಣವಾದ ಸೂಜಿಯಂಥ ಕಣಗಳು ಇವುಗಳ ಎಲೆಯಲ್ಲೂ ಇವೆ. ಅಂಬೆಗಾಲಿಡುವ ಮಗುವೋ ಬೆಕ್ಕೋ ಇದ್ದರೆ ಮೇಲಿನ ಶೆಲ್ಫಿನಲ್ಲಿಡಿ. ಸ್ನೇಕ್ ಪ್ಲಾಂಟ್ ಈ ಕುಟುಂಬದ್ದಲ್ಲ, ಆದರೂ ಅದನ್ನು ಬೆಕ್ಕು ನಾಯಿ ಅಗಿಯಬಾರದು.

ಇನ್ನು ಪಾಳಿ. ಒಂದೊಂದು ಜಾತಿಯದೂ ಎರಡೆರಡು ಗಿಡ ಇಟ್ಟುಕೊಂಡಿದ್ದೇನೆ. ಒಂದು ಬಾತ್‌ರೂಮಿನಲ್ಲಿ, ಇನ್ನೊಂದು ಬಾಲ್ಕನಿಯಲ್ಲಿ. ಹದಿನೈದು ದಿನಕ್ಕೊಮ್ಮೆ ಡ್ಯೂಟಿ ಬದಲು. ಬಂದವರು "ಹೇಗೆ ಬದುಕುತ್ತೆ" ಅಂತ ಕೇಳುತ್ತಾರಲ್ಲ, ಗುಟ್ಟು ಇಷ್ಟೇ. ಹೊರಗೆ ತಂದಾಗ ನೇರ ಬಿಸಿಲಿಗಿಟ್ಟರೆ ಎಲೆ ಸುಟ್ಟುಹೋಗುತ್ತದೆ, ನೆರಳಿನಲ್ಲೇ ಇಡಿ. ಟಾಯ್ಲೆಟ್ ತೊಳೆಯುವ ದಿನ ಎಲ್ಲವನ್ನೂ ಹೊರಗಿಡಿ, ಆಸಿಡ್ ಸಿಡಿದರೆ ಎಲೆಯಲ್ಲಿ ಕಲೆ ಉಳಿಯುತ್ತದೆ.

ನೀರಿನದು ಬೇರೆಯೇ ಕಥೆ. ಬೋರ್‌ವೆಲ್ ನೀರು ಸಿಂಪಡಿಸಿದರೆ ಬಕೆಟ್ಟಿನ ಮೇಲಿರುವ ಬಿಳಿ ಪೊರೆಯೇ ಎಲೆಯ ಮೇಲೂ ಕೂರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅಪಾರ್ಟ್‌ಮೆಂಟಿನವರು ಸಾಫ್ಟ್‌ನರ್ ನೀರು ಹಾಕುತ್ತಿದ್ದರೆ ನಿಲ್ಲಿಸಿ. ಅದನ್ನು ಉಪ್ಪು ಬಳಸಿ ಮೆದು ಮಾಡಿರುತ್ತಾರೆ, ಸೋಡಿಯಂ ಮಣ್ಣಿನಲ್ಲಿ ಸೇರುತ್ತಾ ಹೋಗುತ್ತದೆ. 2024ರ ಬೇಸಿಗೆಯಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತಲ್ಲ, ಆಗ ಅಕ್ಕಿ ತೊಳೆದ ನೀರು ಹಾಕಿ ನೋಡಿದೆ. ಬಾಲ್ಕನಿಗೆ ಸರಿ. ಬಾತ್‌ರೂಮಿನಲ್ಲಿ ಹುಳಿ ವಾಸನೆ ಬಂದು ಗುಂಗುರು ಎದ್ದವು.

ಗಾಳಿ ಶುದ್ಧವಾಗುತ್ತದಾ ಅಂತಲೂ ಕೇಳುತ್ತಾರೆ. ಆ ಮಾತು ಹುಟ್ಟಿದ್ದು 1989ರ ನಾಸಾ ಪ್ರಯೋಗದಿಂದ. ಅದನ್ನು ಮಾಡಿದ್ದು ಗಾಳಿಯಾಡದ ಪೆಟ್ಟಿಗೆಯಲ್ಲಿ. 2019ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ಲೆಕ್ಕ ಹಾಕಿದವರು, ಕಟ್ಟಡಕ್ಕೆ ಮಾಮೂಲಾಗಿ ಬಂದುಹೋಗುವ ಗಾಳಿಯಷ್ಟು ಕೆಲಸ ಮಾಡಲು ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕು ಎಂದರು. ವಾಸನೆ ಹೋಗಲು ವೆಂಟಿಲೇಟರ್ ತೆಗೆದಿಡಿ. ಗೀಸರ್ ಗ್ಯಾಸಿನದಾದರೆ ಆ ವೆಂಟಿಲೇಟರ್‌ನಲ್ಲಿ ಕುಂಡ ಇಡಲೇಬೇಡಿ. ಗಾಳಿ ಕಟ್ಟಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ, ಅದಕ್ಕೆ ವಾಸನೆಯೂ ಇಲ್ಲ, ಜೀವಕ್ಕೇ ಅಪಾಯ.

ಇಷ್ಟು ಓದಿಯೂ ನನಗೆ ಫೋಟೊ ಕಳಿಸುವವರು ದಯವಿಟ್ಟು ಲೈಟ್ ಆರಿಸಿ ತೆಗೆದು ಕಳಿಸಿ. ಫ್ಲ್ಯಾಶೂ ಬೇಡ.